ಎಂಟು ಗಲ್ಲಾ, ಮೂರೇ ಮಂದಿ



ತಿಂಗಳ ಮೊದಲ ಭಾನುವಾರ ಸಂಜೆ ನಮ್ಮ ಕೋಪರಖೈರಣೆಯ ಯಾವುದಾದರೊಂದು ದೊಡ್ಡ ಅಂಗಡಿಯೊಳಗೆ ನೀವು ಒಮ್ಮೆಯಾದರೂ ಸಿಕ್ಕಿಹಾಕಿಕೊಂಡಿರುತ್ತೀರಿ. ಸಂಬಳ ಬಂದಿರುತ್ತದೆ, ಮನೆಯಲ್ಲಿ ಎಣ್ಣೆ ಮುಗಿದಿರುತ್ತದೆ, ಅಮ್ಮ ಬರೆದುಕೊಟ್ಟ ಚೀಟಿ ಕಿಸೆಯಲ್ಲಿರುತ್ತದೆ. ಸಾಮಾನು ತುಂಬಿದ ಗಾಡಿ ತಳ್ಳಿಕೊಂಡು ಬಿಲ್ಲು ಮಾಡಿಸಲು ಬಂದರೆ ಅಲ್ಲಿ ಎಂಟು ಗಲ್ಲಾ. ಐದಕ್ಕೆ ಅಡ್ಡಲಾಗಿ ಸರಪಳಿ ಕಟ್ಟಿದ್ದಾರೆ. ಮೂರರಲ್ಲಿ ಮಾತ್ರ ಯಂತ್ರ ಟಿಂಗ್ ಟಿಂಗ್ ಎನ್ನುತ್ತಿದೆ. ಸಾಲು ಸಾಬೂನಿನ ಕಪಾಟು ದಾಟಿ ಬೇಳೆಯ ಚೀಲಗಳ ತನಕ ಹೋಗಿದೆ. ಗಾಡಿಯನ್ನು ಅಲ್ಲೇ ಬಿಟ್ಟು ಹೋಗೋಣವೆಂದರೆ ಅರ್ಧ ಗಂಟೆ ಆರಿಸಿದ್ದೆಲ್ಲ ವ್ಯರ್ಥ.

ಕಳೆದ ವರ್ಷ ಅಂಥದೇ ಒಂದು ಸಾಲಿನಲ್ಲಿ ನಾನು ನಿಂತಿದ್ದೆ. ನನ್ನ ಮುಂದೆ ನಮ್ಮ ಸಂಘದವರೇ ಆದ ಒಬ್ಬ ತಾಯಿ ಮತ್ತು ಅವರ ಮಗ. ಹುಡುಗ ಮಹಾಪೆಯ ಕಂಪ್ಯೂಟರ್ ಕಂಪೆನಿಯೊಂದರಲ್ಲಿದ್ದಾನೆ. ನಮ್ಮ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಎರಡು ವರ್ಷ ವೇಷ ಹಾಕಿದ್ದಾನೆ, ಹಿರಿಯರನ್ನು ಕಂಡರೆ ಕುರ್ಚಿ ಬಿಟ್ಟು ಏಳುವ ಸ್ವಭಾವದವನು. ನಲವತ್ತು ನಿಮಿಷ ಕಾದು ಅವರ ಸರದಿ ಬಂತು. ಬೆಲ್ಲದ ಒಂದು ಪೊಟ್ಟಣವನ್ನು ಯಂತ್ರ ಓದಲಿಲ್ಲ. ಗಲ್ಲಾದ ಹುಡುಗಿ ಕೈ ಎತ್ತಿ ಯಾರನ್ನೋ ಕರೆದಳು. ಬರಲು ಯಾರೂ ಇರಲಿಲ್ಲ. ಮತ್ತೆ ಕರೆದಳು. ಹುಡುಗನ ತಾಳ್ಮೆ ತಪ್ಪಿತು. ಹಿಂದಿಯಲ್ಲಿ ಗದರಿದ. ಅಷ್ಟಕ್ಕೇ ನಿಲ್ಲದೆ ತಾಯಿಯ ಕಡೆ ತಿರುಗಿ ಕನ್ನಡದಲ್ಲಿ, "ಇಂಥ ದಡ್ಡರನ್ನೆಲ್ಲ ಎಲ್ಲಿಂದ ಹಿಡಿದು ತರ್ತಾರೋ" ಎಂದ.

ಹುಡುಗಿ ತಲೆ ಎತ್ತಲಿಲ್ಲ. ಬೆಲ್ಲವನ್ನು ಬದಿಗಿಟ್ಟು ಉಳಿದದ್ದರ ಬಿಲ್ಲು ಮಾಡಿದಳು. ಕಾಗದ ಹರಿದು ಕೊಡುವಾಗ ಮಾತ್ರ ಮೆತ್ತಗೆ, "ಚೀಲಾ ತಂದೀರೇನ್ರೀ, ನಾ ಕೊಡ್ಲಿ?" ಎಂದಳು. ವಿಜಾಪುರದ ಕಡೆಯ ಕನ್ನಡ.

ಆ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಹುಡುಗ ಹಣ ಕೊಟ್ಟು ಚಿಲ್ಲರೆ ತೆಗೆದುಕೊಳ್ಳದೆ ಹೊರಟ. ಅವನ ಹೆಸರು ಇಲ್ಲಿ ಬೇಡ. ಅಂಗಡಿಯ ಹೆಸರೂ ಬೇಡ, ಒಂದನ್ನು ಹೆಸರಿಸಿದರೆ ಉಳಿದವರೆಲ್ಲ ಸಾಚಾ ಎಂದಾಗಿಬಿಡುತ್ತದೆ. ಇದನ್ನು ಬರೆಯುವ ಮುಂಚೆ ಅವನನ್ನೇ ಕೇಳಿದೆ. "ಬರೆಯಿರಿ ಅಂಕಲ್, ಆದರೆ ನಲವತ್ತು ನಿಮಿಷ ಕಾದ ಮೇಲೆ ಬೈದೆ ಅಂತಲೂ ಬರೆಯಿರಿ" ಎಂದ. ಬರೆದಿದ್ದೇನೆ. ಅದೂ ನ್ಯಾಯವೇ.

ಏಕೆಂದರೆ ನಲವತ್ತು ನಿಮಿಷ ಸುಳ್ಳಲ್ಲ. ಗಿರಾಕಿಯ ಸಿಟ್ಟೂ ಸುಳ್ಳಲ್ಲ. ಆ ಸಿಟ್ಟು ಯಾರ ತಲೆಯ ಮೇಲೆ ಬಿತ್ತು ಎನ್ನುವುದಷ್ಟೇ ನನ್ನನ್ನು ಕಾಡುತ್ತಿದೆ. ಕನ್ನಡ ಓದಲು ತಡವರಿಸುವವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಂಡಾದರೂ ಮುಂದಕ್ಕೆ ಕೇಳಿ.

ನಾನು 1974ರಲ್ಲಿ ಕಾರ್ಕಳ ತಾಲೂಕಿನಿಂದ ಮುಂಬಯಿಗೆ ಬಂದವನು. ವಯಸ್ಸು ಹದಿಮೂರು. ಕೋಟೆ ಪ್ರದೇಶದ ಒಂದು ಉಡುಪಿ ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ರಾತ್ರಿ ಕನ್ನಡ ಶಾಲೆ. ನಿಮ್ಮ ಅಪ್ಪಂದಿರಲ್ಲಿ, ಅಜ್ಜಂದಿರಲ್ಲಿ ಎಷ್ಟೋ ಮಂದಿಯ ಕತೆ ಇದೇ. ಅಂದು ನಮ್ಮ ಹೊಟೇಲಿನಲ್ಲಿ ಹನ್ನೆರಡು ಮೇಜು. ಅವಕ್ಕೆ ನಾಲ್ವರು ವೇಟರ್‌ಗಳು, ನೀರು ಕೊಡಲು ಒಬ್ಬ, ಮೇಜು ಒರೆಸಲು ಇಬ್ಬರು, ಕಚೇರಿಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ ಒಬ್ಬ. ಒಳಗೆ ಭಟ್ಟರು ಮತ್ತು ಅವರ ಸಹಾಯಕರು. ಗಿರಾಕಿ ಎದ್ದ ಕೂಡಲೇ ವೇಟರ್ ದೂರದಿಂದಲೇ "ಕಾಲಾ ಶರ್ಟ್, ಸವಾ ರುಪಯಾ" ಎಂದು ಕೂಗಬೇಕು, ಗಲ್ಲಾದಲ್ಲಿದ್ದ ಯಜಮಾನರು ಅಷ್ಟನ್ನು ತೆಗೆದುಕೊಳ್ಳಬೇಕು. ಬಿಲ್ಲಿನ ಕಾಗದವೂ ಇಲ್ಲ, ಸಾಲೂ ಇಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಕಚೇರಿಗಳು ಬಿಟ್ಟು ಜನ ಮುಗಿಬಿದ್ದಾಗ ನಮ್ಮ ಯಜಮಾನರು ಗಲ್ಲಾಕ್ಕೆ ಬೀಗ ಹಾಕಿ ಪಂಚೆ ಮೇಲಕ್ಕೆ ಕಟ್ಟಿ ತಾವೇ ತಟ್ಟೆ ಎತ್ತುತ್ತಿದ್ದರು. ಗಿರಾಕಿ ಎದ್ದು ಹೋದರೆ ನಷ್ಟ ಯಾರಿಗೆ ಎಂದು ಅವರಿಗೆ ಗೊತ್ತಿತ್ತು, ಏಕೆಂದರೆ ಅವರ ಕಣ್ಣೆದುರೇ ಅವನು ಎದ್ದು ಎದುರಿನ ಹೊಟೇಲಿಗೆ ಹೋಗುತ್ತಿದ್ದ.

ಆ ಕಾಲವನ್ನು ಹೊಗಳಲು ನಾನು ಕೂತಿಲ್ಲ. ಗಿರಾಕಿ ಒಂದು ನಿಮಿಷವೂ ಕಾಯದಂತೆ ನೋಡಿಕೊಂಡದ್ದು ಹದಿಮೂರು-ಹದಿನಾಲ್ಕು ವರ್ಷದ ಹುಡುಗರ ಬೆನ್ನ ಮೇಲೆ. ಬೆಳಗ್ಗೆ ಐದಕ್ಕೆ ಎದ್ದರೆ ಶಾಲೆ ಮುಗಿಸಿ ಬಂದು ಅದೇ ಮೇಜುಗಳನ್ನು ಜೋಡಿಸಿ ಮಲಗುವಾಗ ಹನ್ನೊಂದು. ಲೋಟ ಒಡೆದರೆ ಕೆನ್ನೆಗೆ ಬೀಳುತ್ತಿತ್ತು. ಗಿರಾಕಿಯೂ ಬೈಯುತ್ತಿದ್ದ, "ಏ ಪೋರ್ಯಾ" ಎನ್ನುತ್ತಿದ್ದ. ನಮ್ಮಲ್ಲಿ ಕೆಲವರು ಮುಂದೆ ಸ್ವಂತ ಹೊಟೇಲು ಹಾಕಿದರು, ಕೆಲವರು ನನ್ನಂತೆ ಗುಮಾಸ್ತರಾದರು, ಕೆಲವರು ಅಲ್ಲೇ ಮುದುಕರಾದರು. ಹಾಗಾಗಿ "ನಮ್ಮ ಕಾಲದ ಸೇವೆ" ಎಂದು ಹಿರಿಯರು ಭಾಷಣ ಮಾಡಿದರೆ ಪೂರ್ತಿ ನಂಬಬೇಡಿ. ಆದರೆ ಒಂದು ಮಾತು ನಿಜ: ಅಂದು ಕೆಲಸಕ್ಕೆ ಕೈಗಳು ಇದ್ದವು, ಮತ್ತು ಆ ಕೈಗಳನ್ನು ಎಷ್ಟು ಇಡಬೇಕೆಂದು ತೀರ್ಮಾನಿಸುವವನು ಗಿರಾಕಿಯ ಕಣ್ಣಿಗೆ ಕಾಣುತ್ತಿದ್ದ.

ಈಗಿನ ದೊಡ್ಡ ಅಂಗಡಿಯ ಕ್ರಮ ನಮ್ಮ ದೇಶದ್ದಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ಅಂಗಡಿ ತೆರೆದ. ಅಲ್ಲಿಯ ತನಕ ಅಲ್ಲಿಯೂ ನಮ್ಮ ಕಿರಾಣಿ ಅಂಗಡಿಯಂತೆಯೇ, ಗಿರಾಕಿ ಹೇಳಬೇಕು, ಅಂಗಡಿಯವನು ಒಳಗಿನಿಂದ ತಂದು ಕೊಡಬೇಕು. ಸಾಂಡರ್ಸ್ ಗಿರಾಕಿಯ ಕೈಗೇ ಬುಟ್ಟಿ ಕೊಟ್ಟ. ಹುಡುಕುವುದು, ಎತ್ತುವುದು, ಹೊರುವುದು ಗಿರಾಕಿಯ ಪಾಲಿಗೆ ಬಂತು. ಅಂಗಡಿಯವನ ಪಾಲಿಗೆ ಉಳಿದದ್ದು ಹಣ ತೆಗೆದುಕೊಳ್ಳುವುದು. ಖರ್ಚು ಕಡಿಮೆಯಾಯಿತು, ಬೆಲೆಯೂ ಇಳಿಯಿತು. 1974ರ ಜೂನ್ 26ರಂದು, ಅಂದರೆ ನಾನು ಮುಂಬಯಿಗೆ ಬಂದ ವರ್ಷವೇ, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ ಒಂದು ಚೂಯಿಂಗ್ ಗಮ್ ಪೊಟ್ಟಣದ ಕಪ್ಪು ಗೆರೆಗಳನ್ನು ಯಂತ್ರ ಮೊದಲ ಬಾರಿಗೆ ಓದಿತು. ಗಲ್ಲಾದಲ್ಲಿ ಬೆಲೆ ನೆನಪಿಟ್ಟುಕೊಳ್ಳುವ ಜಾಣ ಮನುಷ್ಯ ಅಂದಿನಿಂದ ಬೇಕಾಗಲಿಲ್ಲ. ಯಾರನ್ನು ನಿಲ್ಲಿಸಿದರೂ ಆಯಿತು, ಎಷ್ಟು ಕಡಿಮೆ ಮಂದಿಯನ್ನು ನಿಲ್ಲಿಸಿದರೂ ಆಯಿತು ಎಂಬ ಯೋಚನೆ ಅಲ್ಲಿಂದ ಬೆಳೆಯಿತು.

ನಮ್ಮಲ್ಲಿ ಇದು ತಡವಾಗಿ ಬಂತು. ಮುಂಬಯಿಯಲ್ಲಿ ನಾಯಗಾಂವದ ಗಿರಣಿ ಕಾರ್ಮಿಕರು 1948ರಲ್ಲಿ ಹುಟ್ಟುಹಾಕಿದ ಅಪ್ನಾ ಬಜಾರ್ ಇತ್ತು, ಸಹಕಾರಿ ಭಂಡಾರ ಇತ್ತು. ದೊಡ್ಡ ಬಂಡವಾಳದ ಅಂಗಡಿಗಳು 1990ರ ದಶಕದ ಕೊನೆಯಿಂದ ಒಂದೊಂದಾಗಿ ತಲೆ ಎತ್ತಿದವು. ನಾನು 1992ರಲ್ಲಿ ಸಿಡ್ಕೋ ಮನೆಗೆ ಬಂದಾಗ ಕೋಪರಖೈರಣೆಯಲ್ಲಿ ರೈಲೂ ಇರಲಿಲ್ಲ. ಠಾಣೆ-ವಾಶಿ ರೈಲು ಓಡಲು ತೊಡಗಿದ್ದು 2004ರಲ್ಲಿ. ಅಲ್ಲಿಯವರೆಗೆ ವಾಶಿಯಿಂದ ಬಸ್ಸು, ಮನೆಯ ಬಳಿ ಒಬ್ಬ ಕಛೀ ಭಾಯಿಯ ಕಿರಾಣಿ ಅಂಗಡಿ. ಅವನ ಬಳಿ ಉದ್ರಿ ಪುಸ್ತಕವಿತ್ತು. ನನ್ನ ಮಗಳು ಎರಡನೇ ಇಯತ್ತೆಯಲ್ಲಿರುವಾಗ ಒಬ್ಬಳೇ ಹೋಗಿ, ತಂದೆಯ ಹೆಸರು ಹೇಳಿ ಅವಲಕ್ಕಿ ತರುತ್ತಿದ್ದಳು.

ಸಿಬ್ಬಂದಿ ಕಡಿಮೆ ಇರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿಗೆ ಹೋದವರು ದರ್ಶಿನಿಗಳಲ್ಲಿ ನಿಂತು ಇಡ್ಲಿ ತಿಂದಿರುತ್ತೀರಿ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಆರಂಭವಾದ ಪದ್ಧತಿ ಅದು. ಕುರ್ಚಿಯಿಲ್ಲ, ವೇಟರ್ ಇಲ್ಲ, ತಟ್ಟೆಯನ್ನು ನೀವೇ ತರಬೇಕು. ಆದರೆ ಆ ಕರಾರು ಮುಚ್ಚುಮರೆಯಿಲ್ಲದ್ದು. ಚೀಟಿ ಕೊಟ್ಟ ಎರಡು ನಿಮಿಷದಲ್ಲಿ ಬಿಸಿ ದೋಸೆ ಕೈಗೆ ಬರುತ್ತದೆ, ಅಡುಗೆಮನೆ ಕಣ್ಣೆದುರಿಗಿದೆ, ದೋಸೆಕಲ್ಲಿನ ಮುಂದೆ ಬೇಕಾದಷ್ಟು ಮಂದಿ ಇದ್ದಾರೆ. ವೇಟರನನ್ನು ತೆಗೆದರು, ದೋಸೆ ಹುಯ್ಯುವವನನ್ನು ತೆಗೆಯಲಿಲ್ಲ. ನಮ್ಮ ದೊಡ್ಡ ಅಂಗಡಿಗಳು ಎತ್ತಿಕೊಡುವವನನ್ನು ಮೊದಲು ತೆಗೆದವು. ಆಮೇಲೆ ದಾರಿ ಹೇಳುವವನನ್ನು. ಈಗ ಹಣ ತೆಗೆದುಕೊಳ್ಳುವವರನ್ನೂ ಅರ್ಧಕ್ಕೆ ಇಳಿಸಿವೆ.

ಇದರ ಹಿಂದಿನ ಲೆಕ್ಕ ನಿಮ್ಮಂಥ ಓದಿದವರಿಗೆ ಬೇಗ ತಿಳಿದೀತು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ. ಎಷ್ಟು ಕರೆಗಳಿಗೆ ಎಷ್ಟು ತಂತಿ ಬೇಕೆಂದು ಲೆಕ್ಕ ಹಾಕುತ್ತ 1909ರಲ್ಲಿ ಆತ ಬರೆದ ಪ್ರಬಂಧದಿಂದ ಸರದಿ ಸಾಲಿನ ಗಣಿತವೇ ಹುಟ್ಟಿತು. ಅದನ್ನು ನಮ್ಮ ಗಲ್ಲಾಕ್ಕೆ ಹೊಂದಿಸೋಣ. ಒಬ್ಬ ಗಿರಾಕಿಗೆ ಸರಾಸರಿ 3 ನಿಮಿಷ ಹಿಡಿದರೆ ಒಂದು ಗಲ್ಲಾದಲ್ಲಿ ಗಂಟೆಗೆ 20 ಮಂದಿಯ ಬಿಲ್ಲು ಆದೀತು. ಗಂಟೆಗೆ 10 ಮಂದಿ ಬಂದರೆ, ಕಾಯುವುದೂ ಬಿಲ್ಲೂ ಸೇರಿ ಒಬ್ಬನಿಗೆ ಸರಾಸರಿ 6 ನಿಮಿಷ. 15 ಮಂದಿ ಬಂದರೆ 12 ನಿಮಿಷ. 18 ಮಂದಿ ಬಂದರೆ 30 ನಿಮಿಷ. 19 ಬಂದರೆ 60 ನಿಮಿಷ!

ಇಪ್ಪತ್ತು ಮಂದಿಗೆ ಸಾಕಾಗುವ ಗಲ್ಲಾದಲ್ಲಿ ಹತ್ತೊಂಬತ್ತು ಮಂದಿಗೆ ಒಂದು ಗಂಟೆ ಹೇಗೆ ಎಂದು ನಾನೂ ಮೊದಲು ನಂಬಲಿಲ್ಲ. ಕಾರಣ, ಗಿರಾಕಿಗಳು ಗಡಿಯಾರ ನೋಡಿ ಮೂರು ಮೂರು ನಿಮಿಷಕ್ಕೆ ಒಬ್ಬರಂತೆ ಬರುವುದಿಲ್ಲ. ಒಮ್ಮೆ ಆರು ಮಂದಿ ಒಟ್ಟಿಗೆ, ಆಮೇಲೆ ಯಾರೂ ಇಲ್ಲ. ಒಬ್ಬನದು ಬರೇ ಒಂದು ಹಾಲಿನ ಪೊಟ್ಟಣ, ಇನ್ನೊಬ್ಬನದು ಗಾಡಿ ತುಂಬ ಸಾಮಾನು, ಮೇಲೆ ಓದದ ಬೆಲ್ಲ. ಬಿಡುವು ಇದ್ದರೆ ಈ ಏರುಪೇರನ್ನು ಗಲ್ಲಾ ನುಂಗಿಕೊಳ್ಳುತ್ತದೆ. ಬಿಡುವು ಇಲ್ಲದಿದ್ದರೆ ಒಮ್ಮೆ ಬೆಳೆದ ಸಾಲು ಕರಗುವುದೇ ಇಲ್ಲ. ಆದ್ದರಿಂದ ಭಾನುವಾರ ಸಂಜೆ ಒಬ್ಬಳನ್ನು ಕಡಿಮೆ ಮಾಡಿದರೆ ಸಾಲು ಸ್ವಲ್ಪ ಉದ್ದವಾಗುವುದಲ್ಲ, ಅಂಗಡಿಯ ಕೊನೆ ಮುಟ್ಟುತ್ತದೆ. ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ: 19 ಮಂದಿ ಬಂದ ಗಂಟೆಯಲ್ಲಿ ಆ ಹುಡುಗಿಯ ಕೈಗೆ ಸಿಗುವ ಬಿಡುವು 3 ನಿಮಿಷ. ನೀರು ಕುಡಿಯಲು, ಬೆನ್ನು ನೇರ ಮಾಡಲು, ಇನ್ನೊಂದಕ್ಕೆ, ಎಲ್ಲಕ್ಕೂ ಸೇರಿ.

ಹಾಗಾದರೆ ಏಕೆ ಜನರನ್ನು ಇಡುವುದಿಲ್ಲ? ಅಂಗಡಿಯ ಬಾಡಿಗೆ ಕಡಿಮೆ ಮಾಡಲು ಮ್ಯಾನೇಜರನಿಂದ ಆಗದು. ಕರೆಂಟಿನ ಬಿಲ್ಲು ಅವನ ಕೈಯಲ್ಲಿಲ್ಲ. ಸರಕಿನ ದರ ಮೇಲಿನವರು ಮಾತಾಡಿ ಮುಗಿಸಿರುತ್ತಾರೆ. ತಿಂಗಳ ಕೊನೆಗೆ ಲೆಕ್ಕ ಸರಿ ತೋರಿಸಲು ಅವನ ಕೈಯಲ್ಲಿ ಉಳಿಯುವುದು ಒಂದೇ, ಮನುಷ್ಯರ ಗಂಟೆಗಳು. ಸಂಬಳ ಉಳಿಸಿದ್ದು ಆ ತಿಂಗಳೇ ಪುಸ್ತಕದಲ್ಲಿ ಕಾಣುತ್ತದೆ. ಸಾಲು ನೋಡಿ ಗಾಡಿ ಬಿಟ್ಟು ಹೋದ ಗಿರಾಕಿ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಅನೇಕ ಕಡೆ ಗಲ್ಲಾದವರು ಅಂಗಡಿಯ ನೌಕರರೂ ಅಲ್ಲ, ಗುತ್ತಿಗೆದಾರನ ಮೂಲಕ ಬಂದವರು. ಬಿಸ್ಕತ್ತಿನ ಕಪಾಟಿನ ಬಳಿ ಬಣ್ಣದ ಅಂಗಿ ಹಾಕಿ ನಿಂತ ಹುಡುಗನನ್ನು ಉಪ್ಪು ಎಲ್ಲಿದೆ ಎಂದು ಕೇಳಿ ನೋಡಿ, ತಬ್ಬಿಬ್ಬಾಗುತ್ತಾನೆ. ಅವನಿಗೆ ಸಂಬಳ ಕೊಡುವುದು ಬಿಸ್ಕತ್ತಿನ ಕಂಪೆನಿ. ಉಪ್ಪಿಗೂ ಅವನಿಗೂ ಸಂಬಂಧವಿಲ್ಲ.

ಅಮೆರಿಕದ ಎಂ.ಐ.ಟಿ.ಯಲ್ಲಿ ಕಲಿಸುವ ಝೆಯ್ನೆಪ್ ಟೋನ್ ಎಂಬ ವಿದುಷಿ ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 2014ರಲ್ಲಿ ಪುಸ್ತಕ ಬರೆದಿದ್ದಾರೆ. ಕೈಗಳು ಕಡಿಮೆಯಾದರೆ ಸರಕು ಗೋದಾಮಿನಲ್ಲೇ ಕೊಳೆಯುತ್ತದೆ, ಕಪಾಟು ಖಾಲಿ ಇರುತ್ತದೆ, ವ್ಯಾಪಾರ ಇಳಿಯುತ್ತದೆ. ವ್ಯಾಪಾರ ಇಳಿಯಿತೆಂದು ಇನ್ನಷ್ಟು ಕೈಗಳನ್ನು ಕಡಿಮೆ ಮಾಡುತ್ತಾರೆ ಎಂಬುದು ಅವರ ವಾದ. ಸ್ಪೇನಿನ ಮೆರ್ಕಡೋನಾ ಎಂಬ ಅಂಗಡಿಗಳ ಸರಣಿ ಅಗ್ಗದ ಬೆಲೆಗೇ ಹೆಸರಾದದ್ದು, ಅಲ್ಲಿ ನೌಕರರಿಗೆ ಕಾಯಂ ಕೆಲಸ, ಒಳ್ಳೆಯ ತರಬೇತಿ. ಅಗ್ಗ ಬೇಕಾದರೆ ಸಾಲಿನಲ್ಲಿ ಸಾಯಬೇಕು ಎನ್ನುವವರಿಗೆ ಅವರು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

ನಮ್ಮ ಸೆಕ್ಟರಿನಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ಮಗ-ಸೊಸೆ ಇಬ್ಬರೂ ಕೆಲಸಕ್ಕೆ. ಮಧ್ಯಾಹ್ನ ಅವರೇ ನಡೆದುಕೊಂಡು ಹೋಗಿ ಮನೆಗೆ ಬೇಕಾದ್ದನ್ನು ತರುತ್ತಾರೆ. ಒಂದು ದಿನ ಕುಚ್ಚಲಕ್ಕಿ ಹುಡುಕಿದರು. "ಉಕ್ಡಾ ಚಾವಲ್" ಎಂದು ಕೇಳಲು ಆ ಉದ್ದದ ಓಣಿಗಳಲ್ಲಿ ಯಾರೂ ಸಿಗಲಿಲ್ಲ. ಸಿಕ್ಕಿದವನೊಬ್ಬ ಹೊಸಬ, ಬೆರಳು ತೋರಿಸಿ ಹೋದ. ಕಪಾಟಿನ ಚೀಟಿ ನೋಡಿ ಒಂದು ಚೀಲ ತಂದರು. ಮನೆಯಲ್ಲಿ ಬಿಚ್ಚಿದರೆ ಬೆಳ್ತಿಗೆ. ಬಿಲ್ಲಿನಲ್ಲಿದ್ದ ಬೆಲೆ ಚೀಟಿಯಲ್ಲಿದ್ದದ್ದಕ್ಕಿಂತ ಜಾಸ್ತಿ. ಮರುದಿನ ಬದಲಾಯಿಸಲು ಹೋಗಿ, ವಿಚಾರಣೆಯ ಮೇಜಿನ ಮುಂದೆ ಅರ್ಧ ಗಂಟೆ ನಿಂತು, ಕಾಲು ಊದಿಕೊಂಡು ಹಿಂದೆ ಬಂದರು. ಮೇಜಿನ ಹಿಂದೆ ಯಾರೂ ಇರಲಿಲ್ಲ. "ಮಗನಿಗೆ ಹೇಳ್ಬೇಡಿ ಮಾರಾಯ್ರೆ, ಒಬ್ಬಳೇ ಹೋಗ್ಬೇಡ ಅಂತಾನೆ" ಎಂದು ನನ್ನಲ್ಲಿ ಹೇಳಿದರು. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತರಿಸುವ ಫೋನಿನ ವಿದ್ಯೆ ನಿಮಗೆ ಗೊತ್ತಿದೆ, ಅವರಿಗಿಲ್ಲ. ಅಷ್ಟಲ್ಲದೆ, ದಿನಕ್ಕೊಮ್ಮೆ ಹೊರಗೆ ಹೋಗಿ ನಾಲ್ಕು ಮುಖ ನೋಡುವುದು ಅವರಿಗೆ ಅಕ್ಕಿಗಿಂತ ಹೆಚ್ಚು ಬೇಕಾದದ್ದು. ಹಾಲೆಂಡಿನ ಯುಂಬೊ ಎಂಬ ಅಂಗಡಿಯವರು 2019ರಲ್ಲಿ ಇಂಥ ಹಿರಿಯರಿಗಾಗಿಯೇ ನಿಧಾನವಾಗಿ ಮಾತಾಡುತ್ತ ಬಿಲ್ಲು ಮಾಡುವ ಬೇರೆ ಗಲ್ಲಾ ತೆರೆದರು. ನಮ್ಮಲ್ಲಿ ಅಷ್ಟು ಬೇಡ, ವಿಚಾರಣೆಯ ಮೇಜಿನ ಹಿಂದೆ ಒಬ್ಬ ಮನುಷ್ಯ ಇದ್ದರೆ ಸಾಕು.

ಬೆಲೆಯ ಚೀಟಿ ತಪ್ಪಿದ್ದೂ ಸಿಬ್ಬಂದಿ ಕೊರತೆಯ ಕತೆಯೇ. ಬೆಲೆ ಕಂಪ್ಯೂಟರಿನಲ್ಲಿ ಒಂದು ಕ್ಷಣದಲ್ಲಿ ಬದಲಾಗುತ್ತದೆ, ಕಪಾಟಿನ ಚೀಟಿ ಬದಲಾಯಿಸಲು ಮನುಷ್ಯ ನಡೆದು ಹೋಗಬೇಕು. ಅವಧಿ ಮೀರಿದ ಸರಕನ್ನು ಹಿಂದಿನಿಂದ ಹೆಕ್ಕಿ ತೆಗೆಯಲೂ ಮನುಷ್ಯ ಬೇಕು.

ಆ ವಿಜಾಪುರದ ಹುಡುಗಿಯ ಸಂಗತಿಗೆ ಬರುತ್ತೇನೆ. ಒಂದು ತಿಂಗಳ ನಂತರ ಬೆಳಗ್ಗೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ನಾನು ಕನ್ನಡದಲ್ಲಿ ಮಾತಾಡಿಸಿದೆ. ತಂದೆ-ತಾಯಿ ಇಂಡಿ ತಾಲೂಕಿನಿಂದ ಕಟ್ಟಡ ಕೆಲಸಕ್ಕೆ ಬಂದವರು, ಮನೆ ತುರ್ಭೆಯ ಕಡೆ. ಇವಳು ಇಲ್ಲೇ ಹುಟ್ಟಿದವಳು, ಹನ್ನೆರಡನೆಯ ತರಗತಿ ಮಾಡಿದ್ದಾಳೆ, ಮರಾಠಿ ಮಾಧ್ಯಮ. ಅಂದರೆ ನೋಡಿ, ಅವಳೂ ನಿಮ್ಮಂತೆಯೇ ಎರಡನೆಯ ತಲೆಮಾರಿನ ಕನ್ನಡತಿ. ಈ ಪತ್ರಿಕೆ ಅವಳ ಮನೆಗೆ ಹೋಗುವುದಿಲ್ಲ, ನಮ್ಮ ಸಂಘಕ್ಕೆ ಅವಳ ವಿಳಾಸ ಗೊತ್ತಿಲ್ಲ. ಅದು ನಮ್ಮ ತಪ್ಪು, ಬೇರೆಯೇ ಬರೆಯಬೇಕಾದ ವಿಷಯ.

ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರ ತನಕ ನಿಂತೇ ಇರಬೇಕು, ಗಲ್ಲಾದಲ್ಲಿ ಸ್ಟೂಲು ಇಲ್ಲ. ಏಳಬೇಕಾದರೆ ಬದಲಿಗೆ ಯಾರಾದರೂ ಬರಬೇಕು, ಬರುವವರಿಲ್ಲ, ಅದಕ್ಕೆ ಬೆಳಗ್ಗಿನಿಂದಲೇ ನೀರು ಕಡಿಮೆ ಕುಡಿಯುತ್ತಾಳೆ. ರಾತ್ರಿ ಲೆಕ್ಕದಲ್ಲಿ ಹಣ ಕಡಿಮೆ ಬಂದರೆ ಅವಳ ಸಂಬಳದಿಂದ ಹೋಗುತ್ತದೆ. ಜೊತೆಗೆ ಸೇರಿದ ಆರು ಮಂದಿಯಲ್ಲಿ ಉಳಿದಿರುವುದು ಇಬ್ಬರು. ನಾನು ಅಂದಿನ ಸಂಜೆಯ ಮಾತೆತ್ತಿ, ನಮ್ಮ ಹುಡುಗ ಆಡಿದ್ದು ತಪ್ಪು ಎಂದೆ. ಅವಳು ನಕ್ಕಳು.

"ಬೈದಾವ್ರ ನೆನಪ ಇರಂಗಿಲ್ರೀ ಕಾಕಾ, ಭಾಳ ಮಂದಿ ಬೈತಾರ. ಅವತ್ತ ಕನ್ನಡದಾಗ ಬೈದ್ರಲ್ರೀ, ಅದೊಂದ ನೆನಪೈತಿ."

ಅವಳಿಗೆ ಕಾನೂನಿನ ಆಸರೆ ಏನೂ ಇಲ್ಲವೆಂದಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ 2017ರಲ್ಲಿ ಹೊಸದಾಗಿ ಬಂತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, ವಾರಕ್ಕೊಂದು ರಜೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಅದರಲ್ಲಿ ಬರೆದಿದ್ದರು. ಅದೇ ಕಾಯಿದೆ ಅಂಗಡಿಗಳನ್ನು ವರ್ಷದ 365 ದಿನವೂ ತೆರೆದಿಡಲು ಅನುಮತಿ ಕೊಟ್ಟಿತು. 2025ರಲ್ಲಿ ರಾಜ್ಯ ಸಚಿವ ಸಂಪುಟ ದಿನದ 9 ಗಂಟೆಯನ್ನು 10ಕ್ಕೆ ಏರಿಸುವ ತೀರ್ಮಾನ ಮಾಡಿತು. ಕಾಗದದ ಮೇಲಿನ ವಿಶ್ರಾಂತಿಗೂ ಬದಲಿಗೆ ಒಬ್ಬಳು ಇರಬೇಕಲ್ಲ.

ಈ ವಿಷಯದಲ್ಲಿ ನಮ್ಮ ಕೋಪರಖೈರಣೆಯೇ ಒಂದು ಪಾಠಶಾಲೆ. ಇಲ್ಲಿಯ ಸಣ್ಣ ಸಣ್ಣ ಮನೆಗಳ ಸಾಲುಗಳಲ್ಲಿ ಮಾಥಾಡಿ ಕೆಲಸಗಾರರ ಕುಟುಂಬಗಳು ಎಷ್ಟಿವೆ ಎಂದು ನಿಮಗೆ ಗೊತ್ತು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಗೋಣಿ ಹೊರುವವರು. ಅವರಿಗೂ ಒಂದು ಕಾಲದಲ್ಲಿ ಯಜಮಾನ ಯಾರೆಂದೇ ಗೊತ್ತಿರಲಿಲ್ಲ. ಇವತ್ತು ಈ ವ್ಯಾಪಾರಿ, ನಾಳೆ ಆ ವ್ಯಾಪಾರಿ, ಮಧ್ಯದಲ್ಲಿ ಮುಕಾದಮ. ಅಣ್ಣಾಸಾಹೇಬ ಪಾಟೀಲರ ನೇತೃತ್ವದಲ್ಲಿ ಹೋರಾಡಿ 1969ರಲ್ಲಿ ಮಾಥಾಡಿ ಕಾಯಿದೆ ಪಡೆದರು. ಕೆಲಸಗಾರ ಮಂಡಳಿಯಲ್ಲಿ ಹೆಸರು ಬರೆಸುತ್ತಾನೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಒಂದು ಪಾಲನ್ನೂ ಮಂಡಳಿಗೆ ಕಟ್ಟುತ್ತಾನೆ. ಅದರಿಂದ ಭವಿಷ್ಯನಿಧಿ, ಬೋನಸ್ಸು, ಔಷಧೋಪಚಾರ. ಆ ಮಂಡಳಿಗಳಲ್ಲಿಯೂ ಜಗಳಗಳಿವೆ, ದೂರುಗಳಿವೆ. ಆದರೂ ಓದುಬರಹವಿಲ್ಲದ ಹಮಾಲನಿಗೆ 1969ರಲ್ಲಿ ಸಿಕ್ಕಿದ್ದು, ಅದೇ ಓಣಿಯಲ್ಲಿ ಬೆಳೆದು ಹನ್ನೆರಡನೆಯ ತರಗತಿ ಓದಿ ಗುತ್ತಿಗೆಯ ಮೇಲೆ ಗಲ್ಲಾದಲ್ಲಿ ನಿಂತ ಅವನ ಮೊಮ್ಮಗಳಿಗೆ ಇಲ್ಲ. ಗೋಣಿ ಹೊರುವ ಬೆನ್ನು ಲೋಕಕ್ಕೆ ಕಂಡಿತು, ಹತ್ತು ಗಂಟೆ ನಿಂತ ಕಾಲು ಮೇಜಿನ ಹಿಂದೆ ಮರೆಯಾಗಿದೆ.

ಕೇರಳದಲ್ಲಿ ಕಂಡಿತು. ಕೋಝಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರನ್ನು ಪಿ. ವಿಜಿ ಎಂಬ ಹೊಲಿಗೆ ಕೆಲಸದ ಮಹಿಳೆ ಒಗ್ಗೂಡಿಸಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರುವ ಹಕ್ಕು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕೇರಳ ತನ್ನ ಅಂಗಡಿ ಕಾಯಿದೆಯನ್ನು ತಿದ್ದಿ, ನೌಕರರಿಗೆ ಆಸನ ಒದಗಿಸುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಹಾಗಾಗಿ ಕಾಸರಗೋಡಿನ ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವ ನಮ್ಮ ಕನ್ನಡದ ಹುಡುಗಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಲು ಸ್ಟೂಲು ಕೇಳಬಲ್ಲಳು. ಮೂರು ಅಡಿಯ ಒಂದು ಸ್ಟೂಲಿಗೆ ಇಷ್ಟು ವರ್ಷದ ಹೋರಾಟ!

ಇನ್ನು ನೀವು. ಸಾಲು ನಿಧಾನವಾದಾಗ ಬಾಯಿಮುಚ್ಚಿ ನಿಲ್ಲಿ ಎಂದು ಹೇಳಲಾರೆ. ಹೇಳಿ, ಗಟ್ಟಿಯಾಗಿಯೇ ಹೇಳಿ, ಆದರೆ ಮ್ಯಾನೇಜರನನ್ನು ಕರೆಸಿ ಹೇಳಿ. "ಐದು ಗಲ್ಲಾ ಏಕೆ ಮುಚ್ಚಿವೆ" ಎಂದು ಹತ್ತು ಮಂದಿ ಒಟ್ಟಿಗೆ ಕೇಳಿದರೆ ಒಂದಾದರೂ ತೆರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಳಗೆಲ್ಲೋ ಕುಳಿತ ಸೂಪರ್‌ವೈಸರನೇ ಬಂದು ಕೂತ, ನಮ್ಮ ಹಳೆಯ ಯಜಮಾನರ ಹಾಗೆ. ಮನೆಗೆ ಬಂದ ಮೇಲೆ ಕಂಪೆನಿಯ ಮುಖ್ಯ ಕಚೇರಿಗೆ ಬರೆಯಿರಿ: ಯಾವ ಅಂಗಡಿ, ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಗಲ್ಲಾ ತೆರೆದಿದ್ದವು, ಎಷ್ಟು ಹೊತ್ತು ಕಾದಿರಿ. ನೌಕರರ ಹೆಸರು ಹಾಕಬೇಡಿ. "ಸಿಬ್ಬಂದಿ ಸರಿಯಿಲ್ಲ" ಎಂದು ಬರೆದರೆ ಶಿಕ್ಷೆ ಆ ಹುಡುಗಿಗೆ. "ಸಿಬ್ಬಂದಿ ಸಾಲದು" ಎಂದು ಬರೆದರೆ ಪ್ರಶ್ನೆ ಮೇಲಿನವರಿಗೆ. ಒಂದು ಪದದ ವ್ಯತ್ಯಾಸ, ಆದರೆ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ನಾವು ಹೆಚ್ಚಾಗಿ ಬರೆಯುವುದು ಮೊದಲನೆಯದನ್ನು.

ಸಾಲಿನ ಉದ್ದಕ್ಕೆ ಕೋರ್ಟು ಪರಿಹಾರ ಕೊಡುವುದು ಕಷ್ಟ. ಕಪಾಟಿನಲ್ಲೊಂದು ಬೆಲೆ ಬಿಲ್ಲಿನಲ್ಲೊಂದು ಬೆಲೆ, ಅವಧಿ ಮೀರಿದ ಸರಕು, ಎಂ.ಆರ್.ಪಿ.ಗಿಂತ ಹೆಚ್ಚಿನ ದರ, ಇವಕ್ಕೆ ಮಾತ್ರ ದಾರಿಯಿದೆ. ಮೊದಲು 1915ಕ್ಕೆ ಫೋನು ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಕಾಯಿದೆಯಂತೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲನೇ ಬೇಕೆಂದಿಲ್ಲ, 5 ಲಕ್ಷ ರೂಪಾಯಿ ತನಕದ ಖರೀದಿಗೆ ಶುಲ್ಕವೂ ಇಲ್ಲ. ಬಿಲ್ಲನ್ನು ಬಾಗಿಲಲ್ಲೇ ಮುದುರಿ ಎಸೆಯಬೇಡಿ, ಅಷ್ಟೇ. ಅಮ್ಮಂದಿರ ಪರವಾಗಿ ಇದನ್ನು ಮಾಡಬೇಕಾದವರು ನೀವೇ. ಅವರು ಅಕ್ಕಿ ಬದಲಾಯಿಸಲೂ ಮಗನಿಗೆ ಹೆದರುತ್ತಾರೆ ಎಂದು ಮೇಲೆ ಹೇಳಿದೆನಲ್ಲ.

ಕೊನೆಯದಾಗಿ, ನಿಮ್ಮಲ್ಲಿ ಕೆಲವರು ಇಂಥ ಕಂಪೆನಿಗಳ ಕಚೇರಿಗಳಲ್ಲೇ ಇದ್ದೀರಿ. ಯಾವ ದಿನ ಯಾವ ಅಂಗಡಿಗೆ ಎಷ್ಟು ಮಂದಿ ಎಂದು ಪಟ್ಟಿ ಹಾಕುವ ಸಾಫ್ಟ್‌ವೇರ್ ಬರೆಯುವುದು ಮಹಾಪೆ, ಐರೋಲಿ, ಬೆಂಗಳೂರಿನ ನಿಮ್ಮಂಥ ಹುಡುಗರೇ. ಎರ್ಲಾಂಗನ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಆ ಹುಡುಗ ಮೊನ್ನೆ ಸಂಘಕ್ಕೆ ಬಂದಾಗ, ತನ್ನ ಪಕ್ಕದ ತಂಡದವರು ಮಾಡುತ್ತಿರುವುದೂ ಅಂಥದೇ ಕೆಲಸವೆಂದು ಹೇಳಿದ. ಅದರಲ್ಲಿ ಒಬ್ಬಳು ನೀರು ಕುಡಿಯಲು ಎದ್ದು ಹೋಗುವ ಸಮಯಕ್ಕೆ ಜಾಗ ಇದೆಯೋ ಎಂದು ಕೇಳಿದೆ. ನೋಡಿ ಹೇಳುತ್ತೇನೆ ಎಂದಿದ್ದಾನೆ. ಶನಿವಾರ ಸಂಜೆಗಳಲ್ಲಿ ನಾನು ಸಂಘದ ಕಚೇರಿಯಲ್ಲಿರುತ್ತೇನೆ, ಈ ವಿಷಯ ತಿಳಿದವರು ಬಂದರೆ ಸಂತೋಷ. ಬಸ್ಸು ಹತ್ತುವಾಗ ಆ ಹುಡುಗಿ ನನ್ನನ್ನು ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ಬಳಿಯೇ ಇದೆ: "ಹಬ್ಬಕ್ಕ ನಾಕ ದಿನಾ ಬಿಟ್ರ ಎಂಟೂ ತಗದಿದ್ದ ನಾ ನೋಡಿಲ್ರೀ ಕಾಕಾ. ಮತ್ತ ಎಂಟ ಯಾಕ ಮಾಡಿಟ್ಟಾರ್ರೀ?"